ಘಟ್ಟದ ಮೇಲಿನ ಊರಿಗೂ ಕಡಲಿನ ಕ್ಯಾಲೆಂಡರ್

ಕಡೂರು, ತರೀಕೆರೆ, ಅಜ್ಜಂಪುರದ ಮೀನಿನ ವ್ಯಾಪಾರಕ್ಕೆ ಋತು ಇದೆ. ಆ ಋತುವಿನಲ್ಲಿ 61 ದಿನಗಳ ಒಂದು ಖಾಲಿ ಪೆಟ್ಟಿಗೆಯೂ ಇದೆ

'ಏನ್ ಸಾಬ್ರೇ, ಬೂತಾಯಿ ಬಂದೈತಾ?'

ಕಡೂರಿನ ಪೇಟೆಯಲ್ಲಿ, ತರೀಕೆರೆಯ ರಸ್ತೆ ಬದಿಯಲ್ಲಿ, ಅಜ್ಜಂಪುರದ ಸಂತೆಯಲ್ಲಿ ಮೀನಿನ ಪೆಟ್ಟಿಗೆ ಇಟ್ಟು ಕೂತ ನಮ್ಮವರ ಕಿವಿಗೆ ದಿನಕ್ಕೆ ಹತ್ತಾರು ಸಲ ಬೀಳುವ ಪ್ರಶ್ನೆ ಇದು. ಕೇಳುವವರಲ್ಲಿ ಕಡಲನ್ನು ಒಮ್ಮೆಯೂ ಕಾಣದವರಿದ್ದಾರೆ. ಅಡಕೆ ತೋಟದ ಕೂಲಿಯವರಿದ್ದಾರೆ, ಈರುಳ್ಳಿ ಬೆಳೆಗಾರರಿದ್ದಾರೆ, ಶಾಲೆಯ ಮೇಷ್ಟ್ರಿದ್ದಾರೆ. ಬಂದಿದೆ ಎಂದರೆ ಚೀಲ ಚಾಚುತ್ತಾರೆ. ಇಲ್ಲ ಎಂದರೆ, 'ಯಾಕೆ ಬಂದಿಲ್ಲ?' ಎಂದು ಮರುಪ್ರಶ್ನೆ ಹಾಕುತ್ತಾರೆ. ಆ 'ಯಾಕೆ' ಎಂಬುದಕ್ಕೆ ಎರಡು ಮಾತಿನಲ್ಲಿ ಉತ್ತರ ಹೇಳುವುದು ಕಷ್ಟ. ಮಲ್ಪೆಯಲ್ಲಿ ಬೀಸಿದ ಗಾಳಿ, ಚಾರ್ಮಾಡಿಯಲ್ಲಿ ಸುರಿದ ಮಳೆ, ಮಂಗಳೂರು ದಕ್ಕೆಯ ಏಲಂ, ಡೀಸೆಲ್ ದರ, ಸರಕಾರದ ಒಂದು ಅಧಿಸೂಚನೆ – ಇಷ್ಟೂ ಸೇರಿ ಕಡೂರಿನ ಪೆಟ್ಟಿಗೆಯಲ್ಲಿ ಏನಿರಬೇಕು ಎಂಬುದನ್ನು ತೀರ್ಮಾನಿಸುತ್ತವೆ.

ಬ್ಯಾರಿ ಎಂಬ ಹೆಸರೇ ತುಳುವಿನ 'ಬ್ಯಾರ', ಅಂದರೆ ವ್ಯಾಪಾರ ಎಂಬ ಮಾತಿನಿಂದ ಬಂತು ಎನ್ನುವವರಿದ್ದಾರೆ. ಹೆಸರಿನ ಚರ್ಚೆ ವಿದ್ವಾಂಸರಿಗಿರಲಿ, ಕರಾವಳಿಯಿಂದ ಘಟ್ಟ ಹತ್ತಿ ಬಂದು ಚಿಕ್ಕಮಗಳೂರು ಜಿಲ್ಲೆಯಲ್ಲಿ ನೆಲೆ ನಿಂತ ಎಷ್ಟೋ ಬ್ಯಾರಿ ಕುಟುಂಬಗಳಿಗೆ ವ್ಯಾಪಾರವೇ ಅನ್ನ ಕೊಟ್ಟಿದೆ. ಕಾಫಿ, ಅಡಕೆ, ಕಾಳುಮೆಣಸು, ಗುಜರಿ, ಹಣ್ಣಿನ ಜೊತೆಗೆ ಮೀನೂ ಆ ಸಾಲಿನಲ್ಲಿದೆ. ಹಿಂದೆ ಉಪ್ಪು ಮತ್ತು ಒಣಮೀನು ಘಟ್ಟ ಹತ್ತುತ್ತಿದ್ದವು. ಐಸ್ ಮತ್ತು ಲಾರಿ ಬಂದ ಮೇಲೆ ಹಸಿಮೀನು ಹತ್ತತೊಡಗಿತು. ಸೈಕಲ್ಲಿನ ಹಿಂದೆ ಬುಟ್ಟಿ ಕಟ್ಟಿಕೊಂಡವರು, ಆಮೇಲೆ ಎಂ-80 ಗಾಡಿಯಲ್ಲಿ ಪೋಂ ಪೋಂ ಎಂದು ಹಾರ್ನ್ ಹೊಡೆಯುತ್ತಾ ಹಳ್ಳಿ ಸುತ್ತಿದವರು, ಈಗ ಗೂಡ್ಸ್ ಆಟೋದಲ್ಲಿ ಬರುವವರು – ಗಾಡಿ ಬದಲಾದರೂ ಕಸುಬು ಅದೇ.

ಈ ಕಸುಬಿನ ಒಂದು ವರ್ಷ ಹೇಗೆ ಸಾಗುತ್ತದೆ, ಅದರಲ್ಲಿ ನಮ್ಮ ಜನ ಎಲ್ಲಿ ಗೆಲ್ಲುತ್ತಾರೆ, ಎಲ್ಲಿ ಸೋಲುತ್ತಾರೆ ಎಂಬುದನ್ನು ಈ ವಾರ ನೋಡೋಣ.

ಕಡಲಿನ ಎರಡು ದಾರಿ ಸೇರುವ ಊರು

ಕಡೂರಿನಿಂದ ಮಂಗಳೂರಿಗೆ ಸುಮಾರು 190 ಕಿ.ಮೀ. ಮೂರೂ ತಾಲೂಕುಗಳಲ್ಲಿ ಕಡಲ ಗಾಳಿ ಸುಳಿಯುವ ಜಾಗ ಒಂದೂ ಇಲ್ಲ. ಆದರೆ ಭೂಪಟ ಬಿಡಿಸಿ ನೋಡಿದರೆ ಒಂದು ಸಂಗತಿ ಕಾಣುತ್ತದೆ. ಮಂಗಳೂರಿನಿಂದ ಹೊರಟ ರಾಷ್ಟ್ರೀಯ ಹೆದ್ದಾರಿ 73 ಬೆಳ್ತಂಗಡಿ, ಉಜಿರೆ ದಾಟಿ ಚಾರ್ಮಾಡಿ ಘಾಟಿ ಹತ್ತಿ ಕೊಟ್ಟಿಗೆಹಾರ, ಮೂಡಿಗೆರೆಗೆ ಬರುತ್ತದೆ. ಅಲ್ಲಿಂದ 173ನೇ ಹೆದ್ದಾರಿ ಹಿಡಿದರೆ ಚಿಕ್ಕಮಗಳೂರು, ಆಮೇಲೆ ಕಡೂರು. ಇನ್ನೊಂದು ಕಡೆ ಹೊನ್ನಾವರದಿಂದ ಹೊರಟ 69ನೇ ಹೆದ್ದಾರಿ ಸಾಗರ, ಶಿವಮೊಗ್ಗ, ಭದ್ರಾವತಿ ದಾಟಿ ತರೀಕೆರೆ, ಬೀರೂರು ಮೂಲಕ ಅದೇ ಕಡೂರಿಗೆ ಬರುತ್ತದೆ. ಕಡಲಿನ ಎರಡು ದಾರಿ ಇಲ್ಲಿ ಒಂದಾಗುತ್ತವೆ. ಉಡುಪಿ, ಮಲ್ಪೆ ಕಡೆಯ ಸಣ್ಣ ಗಾಡಿಗಳಿಗೆ ಆಗುಂಬೆ, ತೀರ್ಥಹಳ್ಳಿ ಮೇಲಿನ ದಾರಿಯೂ ಉಂಟು.

ಅದಕ್ಕೇ ಇಲ್ಲಿ ಒಂದೇ ಮೀನಿಗೆ ನಾಲ್ಕು ಹೆಸರು. ಚಾರ್ಮಾಡಿ ಹತ್ತಿ ಬಂದರೆ ಅದು ಬೂತಾಯಿ. ಕುಂದಾಪುರದವರ ಬಾಯಲ್ಲಿ ಬೈಗೆ. ಉತ್ತರ ಕನ್ನಡದ ಕಡೆಯಿಂದ ಬಂದರೆ ತಾರ್ಲೆ. ಕೇರಳದ ಲಾರಿಯಲ್ಲಿ ಬಂದರೆ ಮತ್ತಿ. ಅಂಜಲ್ ಕೇರಳದವರಿಗೆ ಅಯಕೂರ, ಬಂಗುಡೆ ಅವರಿಗೆ ಅಯಲ. ಕಡೂರಿನ ಗಿರಾಕಿ ಇದ್ಯಾವುದರ ಗೊಡವೆಗೂ ಹೋಗದೆ 'ಸಣ್ಣದು ಎಷ್ಟು, ದೊಡ್ಡದು ಎಷ್ಟು?' ಎಂದು ಕೇಳಿಬಿಡುತ್ತಾನೆ.

ದಾರಿ ಕೆಟ್ಟರೆ ಮೀನೂ ಕೆಟ್ಟಿತು. 2018ರ ಆಗಸ್ಟಿನಲ್ಲಿ ಶಿರಾಡಿ ಕುಸಿಯಿತು. 2019ರ ಆಗಸ್ಟಿನ ಮಳೆಗೆ ಚಾರ್ಮಾಡಿ ಹಲವೆಡೆ ಜರಿದು ಸಂಚಾರವೇ ನಿಂತಿತು; ಸಣ್ಣ ವಾಹನ ಬಿಟ್ಟ ಮೇಲೂ ದೊಡ್ಡ ಲಾರಿಗಳಿಗೆ ಬಹುಕಾಲ ಅವಕಾಶ ಇರಲಿಲ್ಲ. ಅಡಕೆ ಲಾರಿ ಎರಡು ದಿನ ಕಾಯಬಹುದು, ಬಂಗುಡೆ ಕಾಯುವುದಿಲ್ಲ. ಸುತ್ತಿ ಬಳಸಿ ಬಂದ ಗಾಡಿಯ ಬಾಡಿಗೆ ಮತ್ತು ಕರಗಿದ ಐಸಿನ ಲೆಕ್ಕ ಎರಡೂ ಚಿಲ್ಲರೆ ವ್ಯಾಪಾರಿಯ ತಲೆ ಮೇಲೆ ಬಂದು ಕೂರುತ್ತವೆ.

ಕಡಲು ತೆರೆದಾಗ ಇಲ್ಲಿ ಶ್ರಾವಣ

ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಯ ವರ್ಷ ಆಗಸ್ಟ್ 1ಕ್ಕೆ ಶುರು. ಎರಡು ತಿಂಗಳು ದಡದಲ್ಲಿದ್ದ ಬೋಟುಗಳಿಗೆ ಬಣ್ಣ ಬಳಿದು, ಬಲೆ ಹೆಣೆದು, ಐಸ್ ತುಂಬಿಸಿ ಕಾಯುತ್ತಾರೆ. ಮೊಗವೀರರು ಕಡಲಿಗೆ ಹಾಲು, ತೆಂಗಿನಕಾಯಿ ಅರ್ಪಿಸಿ ಪೂಜೆ ಮಾಡುತ್ತಾರೆ. ಗಾಳಿ ಜೋರಿದ್ದರೆ ಇನ್ನೂ ಕೆಲವು ದಿನ ಬಂದರಿನಲ್ಲೇ ಕಾಯಬೇಕು. ಆಮೇಲೆ ಬೋಟುಗಳು ಹೊರಡುತ್ತವೆ. ಟ್ರಾಲ್ ಬೋಟುಗಳು ತಳದ ಮೀನು, ಸಿಗಡಿ, ಬೊಂಡಾಸ್ ಹಿಡಿದರೆ, ಪರ್ಸಿನ್ ಬೋಟುಗಳು ಗುಂಪಾಗಿ ಸಾಗುವ ಬೂತಾಯಿ, ಬಂಗುಡೆಯನ್ನು ಸುತ್ತುವರಿದು ಎತ್ತುತ್ತವೆ.

ಮಳೆಗಾಲದಲ್ಲಿ ಪಶ್ಚಿಮ ಕರಾವಳಿಯುದ್ದಕ್ಕೂ ಕಡಲಿನ ಆಳದ ತಣ್ಣನೆ ನೀರು ಮೇಲಕ್ಕೆ ಬರುತ್ತದೆ. ಅದರ ಜೊತೆ ಪೋಷಕಾಂಶವೂ ಮೇಲೇಳುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ, ಜೀವಿಗಳು ಕೋಟಿಗಟ್ಟಲೆ ಹುಟ್ಟುತ್ತವೆ. ಬೂತಾಯಿಗೆ ಅದೇ ಊಟ. ಹೀಗೆ ತಿಂದು ಕೊಬ್ಬಿದ ಬೂತಾಯಿ ಮಳೆ ಇಳಿದ ಮೇಲೆ ದಡದ ಹತ್ತಿರ ಸಿಗುತ್ತದೆ. ಕಾವಲಿಗೆ ಹಾಕಿದರೆ ತನ್ನ ಎಣ್ಣೆಯಲ್ಲೇ ಬೇಯುವ ಬೂತಾಯಿ ಎಂದರೆ ಈ ಕಾಲದ್ದು. ಘಟ್ಟದ ಮೇಲೆ ನಾವು ಬೈಯುವ ಅದೇ ಮಳೆ ಕಡಲಿನಲ್ಲಿ ಮೀನಿಗೆ ಬಿತ್ತನೆ ಮಾಡಿರುತ್ತದೆ.

ತಮಾಷೆ ಏನೆಂದರೆ, ಕಡಲು ಕೈತುಂಬ ಕೊಡತೊಡಗುವ ಹೊತ್ತಿಗೆ ನಮ್ಮ ಬಯಲುಸೀಮೆಯಲ್ಲಿ ಶ್ರಾವಣ. ಕಡೂರು, ಅಜ್ಜಂಪುರದ ಕಡೆ ಮಾಂಸಾಹಾರ ತಿನ್ನುವ ಎಷ್ಟೋ ಹಿಂದೂ ಮನೆಗಳು ಆ ತಿಂಗಳಿಡೀ ಮೀನು ಮುಟ್ಟುವುದಿಲ್ಲ. ಉಳಿದ ತಿಂಗಳಲ್ಲೂ ಸೋಮವಾರ, ಶನಿವಾರ ಬಿಡುವವರು ಬಹಳ. ಮಂಗಳೂರಿನಲ್ಲಿ ಮೀನು ಅಗ್ಗವಾದ ದಿನ ಇಲ್ಲಿ ಕೊಳ್ಳುವವರಿಲ್ಲ. ಗೌರಿ ಗಣೇಶ ಹಬ್ಬ ಕಳೆದು, ಮುಂದೆ ಆಯುಧಪೂಜೆ ಮುಗಿದ ಮೇಲೆ ವ್ಯಾಪಾರ ಕುದುರುತ್ತದೆ. ಅಷ್ಟರಲ್ಲಿ ಈರುಳ್ಳಿ ಕಿತ್ತ ದುಡ್ಡು ಅಜ್ಜಂಪುರದವರ ಕೈಗೆ ಬಂದಿರುತ್ತದೆ, ತರೀಕೆರೆ ಕಡೆ ಅಡಕೆ ಕೊಯ್ಲು ಹಿಡಿದಿರುತ್ತದೆ. ಹಳಬ ವ್ಯಾಪಾರಿಗೆ ಈ ಲೆಕ್ಕವೆಲ್ಲ ಬಾಯಿಪಾಠ. ಪಂಚಾಂಗ ನೋಡದೆ ಮಾಲು ಇಳಿಸಿದ ಹೊಸಬ ಒಂದೇ ವಾರದಲ್ಲಿ ಪಾಠ ಕಲಿಯುತ್ತಾನೆ.

ಹಸ್ತ ಮಳೆಯಿಂದ ಚಳಿಯವರೆಗೆ

ಸೆಪ್ಟೆಂಬರ್ ಕೊನೆಯಿಂದ ಡಿಸೆಂಬರ್ ತನಕ ನಮ್ಮವರ ಸುಗ್ಗಿ. ಬಂಗುಡೆ, ಬೂತಾಯಿ ಪೆಟ್ಟಿಗೆ ಪೆಟ್ಟಿಗೆ ಬರುತ್ತವೆ. ಮದ್ಮಲ್, ಪಾಂಬೋಲ್, ನಂಗ್ ಇವೂ ಜೊತೆಗೂಡುತ್ತವೆ. ಚಳಿ ಹಿಡಿದ ಮೇಲೆ ಅಂಜಲ್ ಕೇಳುವವರು ಹೆಚ್ಚು; ಮದುವೆ ಮನೆಗೆ ತುಂಡು ಮಾಡಿಸಿ ಒಯ್ಯುತ್ತಾರೆ. ಮಾಂಜಿ, ಕಾಣೆ ಇಲ್ಲಿಯವರೆಗೆ ಬರುವುದು ಅಪರೂಪ. ಬೆಲೆಯ ಮೀನು ಮಂಗಳೂರು, ಬೆಂಗಳೂರು, ಗೋವಾದ ಹೋಟೆಲಿಗೋ ರಫ್ತಿಗೋ ಹೋಗುತ್ತದೆ. ನಮ್ಮ ಊರುಗಳಿಗೆ ಬರುವುದು ಬಡವರ ಮೀನು. ಅದನ್ನು ಬಡವರ ಮೀನು ಎಂದು ಹೀಯಾಳಿಸಬೇಕಾಗಿಲ್ಲ. ಹೃದಯಕ್ಕೆ ಒಳ್ಳೆಯದೆಂದು ವೈದ್ಯರು ಹೇಳುವ ಒಮೇಗಾ-3 ಕೊಬ್ಬು ದುಬಾರಿ ಮಾಂಜಿಗಿಂತ ಅಗ್ಗದ ಬೂತಾಯಿಯಲ್ಲೇ ಧಾರಾಳ.

ಇಲ್ಲಿ ನಮ್ಮದೇ ಸಮುದಾಯದ ಒಂದು ಸ್ವಾರಸ್ಯವನ್ನೂ ಹೇಳಬೇಕು. ಕರಾವಳಿಯಿಂದ ಬಂದ ಬ್ಯಾರಿಗಳು ಶಾಫಿ ಮದ್‌ಹಬಿನವರು. ಕಡಲಿನ ಏಡಿ, ಬೊಂಡಾಸ್, ಸಿಗಡಿ ಎಲ್ಲವೂ ಅವರ ಅಡುಗೆ ಮನೆಗೆ ಬರುತ್ತದೆ. ಕಡೂರು, ತರೀಕೆರೆಯ ಉರ್ದು ಮಾತಾಡುವ ಮುಸ್ಲಿಮರಲ್ಲಿ ಹನಫಿಗಳೇ ಹೆಚ್ಚು. ಅವರು ಮೀನು ತಿನ್ನುತ್ತಾರೆ, ಏಡಿ, ಬೊಂಡಾಸ್ ಮುಟ್ಟುವುದಿಲ್ಲ. ಸಿಗಡಿಯ ವಿಷಯದಲ್ಲಿ ಅವರ ಉಲಮಾಗಳಲ್ಲೇ ಎರಡು ಅಭಿಪ್ರಾಯ. ಹೀಗಾಗಿ ಮಂಗಳೂರಿನಲ್ಲಿ ಕೈಯಿಂದ ಕೈಗೆ ಹಾರಿಹೋಗುವ ಬೊಂಡಾಸ್ ಇಲ್ಲಿ ಪೆಟ್ಟಿಗೆಯಲ್ಲೇ ಉಳಿಯುತ್ತದೆ. ಒಂದೇ ಮಸೀದಿಯ ಸಫ್ಫಿನಲ್ಲಿ ಭುಜಕ್ಕೆ ಭುಜ ಕೊಟ್ಟು ನಿಂತವರ ಮನೆಯ ಸಾರು ಬೇರೆ ಬೇರೆ. ಅದರಿಂದ ಯಾರಿಗೂ ತೊಂದರೆ ಆಗಿಲ್ಲ.

ಕೆರೆಯ ಮೀನಿನ ಪೈಪೋಟಿಯೂ ಇದೆ. ಲಕ್ಕವಳ್ಳಿಯ ಭದ್ರಾ ಜಲಾಶಯ ತರೀಕೆರೆ ತಾಲೂಕಿನಲ್ಲೇ ಇದೆ. ಕಡೂರು ಕಡೆ ಅಯ್ಯನಕೆರೆ, ಮದಗದಕೆರೆಯಂಥ ದೊಡ್ಡ ಕೆರೆಗಳಿವೆ. ಕಾಟ್ಲಾ, ರೋಹು, ಗೌರಿ, ಜಿಲೇಬಿ ಜೀವಂತವಾಗಿ ಸಿಗುವಾಗ ಐಸಿನ ಮೀನು ಯಾಕೆ ಎಂದು ಕೇಳುವವರಿದ್ದಾರೆ. ಆದರೂ ಒಮ್ಮೆ ಬಂಗುಡೆ ಪುಳಿಮುಂಚಿಯ ರುಚಿ ಹತ್ತಿದ ಮನೆ ಕಡಲ ಮೀನು ಬಿಡುವುದಿಲ್ಲ. ಪತ್ತಿರ್ ಜೊತೆಗಾದರೂ ಸೈ, ರಾಗಿಮುದ್ದೆ ಜೊತೆಗಾದರೂ ಸೈ.

ಬೇಸಿಗೆಯ ಖಾಲಿ ಬೋಟು

ಫೆಬ್ರವರಿ ದಾಟಿದ ಮೇಲೆ ಲೆಕ್ಕ ತಲೆಕೆಳಗು. ಕಡಲಿನ ಮೇಲ್ಭಾಗದ ನೀರು ಕಾಯುತ್ತದೆ, ಮೀನಿನ ಗುಂಪು ಆಳಕ್ಕೆ, ದೂರಕ್ಕೆ ಸರಿಯುತ್ತದೆ. ಬೋಟು ಇನ್ನೂ ಮುಂದೆ ಹೋಗಬೇಕು, ಇನ್ನೂ ಹೆಚ್ಚು ದಿನ ನಿಲ್ಲಬೇಕು. ಆಳಸಮುದ್ರದ ಟ್ರಾಲ್ ಬೋಟು ಒಮ್ಮೆ ಹೋದರೆ ಎಂಟು ಹತ್ತು ದಿನ ಕಡಲಲ್ಲೇ ಇರುತ್ತದೆ. ಡೀಸೆಲ್ಲಿಗೆ ಹಾಕಿದ ದುಡ್ಡೂ ಹುಟ್ಟದೆ ನಿಷೇಧಕ್ಕೆ ಮೊದಲೇ ದಡ ಸೇರುವ ಬೋಟುಗಳಿವೆ.

ಇಲ್ಲಿ ಗ್ರಾಹಕರು ತಿಳಿಯಬೇಕಾದ ಒಂದು ವಿಷಯ ಇದೆ. 'ಇವತ್ತು ಬಂದ ಮೀನು' ಎಂದರೆ ಇವತ್ತು ಹಿಡಿದ ಮೀನು ಎಂದು ಅರ್ಥವಲ್ಲ. ಹತ್ತು ದಿನದ ಬೋಟಿನಲ್ಲಿ ಮೊದಲ ದಿನ ಸಿಕ್ಕಿದ ಮೀನು ದಡಕ್ಕೆ ಬರುವಾಗಲೇ ಹತ್ತು ದಿನ ಹಳತು. ಅದು ಕೆಟ್ಟದ್ದೇನೂ ಅಲ್ಲ, ಐಸ್ ಸರಿಯಾಗಿ ಹಾಕಿದ್ದರೆ. ಬೆಳಿಗ್ಗೆ ಹೋಗಿ ಸಂಜೆ ಬರುವ ಬೋಟಿನ ಮೀನು ಬೇರೆ. ನಾಡದೋಣಿಯದ್ದು ಇನ್ನೂ ಬೇರೆ. ದಕ್ಕೆಯಲ್ಲಿ ಏಲಂ ಹಿಡಿಯುವವರಿಗೆ ಇದೆಲ್ಲ ಗೊತ್ತು. ಕಡೂರಿನಲ್ಲಿ ಚೀಲ ಹಿಡಿದು ನಿಂತವರಿಗೂ ಗೊತ್ತಾಗಬೇಕು.

ಐಸಿನ ಲೆಕ್ಕವೂ ಸರಳ. ನಮ್ಮ ಸೆಖೆಗೆ ಒಂದು ಕೆ.ಜಿ. ಮೀನಿಗೆ ಒಂದು ಕೆ.ಜಿ. ಐಸ್ ಬೇಕು. ಏಪ್ರಿಲ್ ಬಿಸಿಲಿನಲ್ಲಿ ಕಡೂರು ತಲುಪುವಷ್ಟರಲ್ಲಿ ಅರ್ಧ ನೀರಾಗಿರುತ್ತದೆ. ಮತ್ತೆ ಐಸ್ ಹಾಕಲು ದುಡ್ಡು ಬೇಕು. ಅಲ್ಲಿ ಕೈ ಬಿಗಿ ಹಿಡಿದರೆ ಅಪಾಯ. ಬಂಗುಡೆ, ಬೂತಾಯಿ, ಕೇದರ್ ಇಂಥ ಮೀನುಗಳನ್ನು ಐಸಿಲ್ಲದೆ ಬಿಸಿಲಿಗೆ ಬಿಟ್ಟರೆ ಅವುಗಳ ಮಾಂಸದಲ್ಲಿ ಹಿಸ್ಟಮಿನ್ ಎಂಬ ವಸ್ತು ಹುಟ್ಟುತ್ತದೆ. ಅದು ಬೇಯಿಸಿದರೂ ಹೋಗದು, ಹುರಿದರೂ ಹೋಗದು. ತಿಂದವರಿಗೆ ಮುಖ ಕೆಂಪಾಗುವುದು, ತುರಿಕೆ, ತಲೆನೋವು, ವಾಂತಿ ಬರುತ್ತದೆ. 'ಮೀನು ನನಗೆ ಆಗಿಬರಲ್ಲ' ಎನ್ನುವ ಕೆಲವರಿಗೆ ಆಗಿಬರದಿದ್ದದ್ದು ಮೀನಲ್ಲ, ಕರಗಿದ ಐಸು.

61 ದಿನ, ಅದರೊಳಗಿನ 14 ದಿನ

ಜೂನ್ 1ರಿಂದ ಜುಲೈ 31ರವರೆಗೆ ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆ ನಿಷೇಧ. ಒಟ್ಟು 61 ದಿನ. ನಮ್ಮ ರೈತರ ಲೆಕ್ಕದಲ್ಲಿ ಹೇಳುವುದಾದರೆ ರೋಹಿಣಿ ಮಳೆಯ ಕೊನೆಯಿಂದ ಪುಷ್ಯ ಮಳೆ ಮುಗಿಯುವ ತನಕ. ಕರ್ನಾಟಕದಲ್ಲಿ ಇದು 1986ರ ಕಡಲ ಮೀನುಗಾರಿಕೆ ನಿಯಂತ್ರಣ ಕಾಯ್ದೆಯ ಪ್ರಕಾರ ಜಾರಿಯಾಗುತ್ತದೆ. ಸಾಂಪ್ರದಾಯಿಕ ನಾಡದೋಣಿಗಳಿಗೆ, 10 ಅಶ್ವಶಕ್ತಿವರೆಗಿನ ಮೋಟಾರು ಇದ್ದರೂ, ವಿನಾಯಿತಿ ಇದೆ. ಕಡಲು ಬಿರುಸಾಗಿದ್ದಾಗ ಜೀವ ಉಳಿಸುವುದು ಒಂದು ಕಾರಣ. ಬಹಳಷ್ಟು ಮೀನು ಮೊಟ್ಟೆ ಇಡುವ ಕಾಲ ಇದು ಎಂಬುದು ಇನ್ನೊಂದು.

ಪೂರ್ವ ಕರಾವಳಿಯ ನಿಷೇಧ ಬೇರೆ ಕಾಲಕ್ಕೆ. ತಮಿಳುನಾಡು, ಆಂಧ್ರದ ಕಡೆ ಏಪ್ರಿಲ್ 15ರಿಂದ ಜೂನ್ 14. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ. ಏಪ್ರಿಲ್, ಮೇ ತಿಂಗಳಲ್ಲಿ ಪೂರ್ವ ಮುಚ್ಚಿದ್ದರೆ ಪಶ್ಚಿಮ ತೆರೆದಿರುತ್ತದೆ. ಜೂನ್ 15ರ ಬಳಿಕ ಪಶ್ಚಿಮ ಮುಚ್ಚಿದ್ದರೆ ಪೂರ್ವ ತೆರೆದಿರುತ್ತದೆ. ಎರಡೂ ಕರಾವಳಿ ಒಟ್ಟಿಗೆ ಮುಚ್ಚುವುದು ಜೂನ್ 1ರಿಂದ 14ರವರೆಗೆ, ಬರೀ ಎರಡು ವಾರ. ಆ ಎರಡು ವಾರದಲ್ಲಿ ಕಡೂರು, ತರೀಕೆರೆಯಲ್ಲಿ 'ತಾಜಾ ಕಡಲ ಮೀನು' ಎಂದು ಪೆಟ್ಟಿಗೆ ತುಂಬ ಕಂಡರೆ, ಅದು ನಾಡದೋಣಿಯದ್ದೋ, ಕೋಲ್ಡ್ ಸ್ಟೋರೇಜಿನದ್ದೋ ಎಂದು ಕೇಳುವ ಹಕ್ಕು ಗಿರಾಕಿಗಿದೆ. ನಾಡದೋಣಿಯ ಮೀನು ಕರಾವಳಿಯ ಬಾಯಿಗೇ ಸಾಲದು. ಘಟ್ಟ ಹತ್ತುವಷ್ಟು ಉಳಿಯುವುದು ಅಪರೂಪ. ಕೋಲ್ಡ್ ಸ್ಟೋರೇಜಿನ ಮೀನು ಮಾರುವುದು ತಪ್ಪಲ್ಲ. ಅದನ್ನು ತಾಜಾ ಎಂದು ಹೇಳುವುದು ತಪ್ಪು.

ಜೂನ್ ಮಧ್ಯದ ಬಳಿಕ ಪೂರ್ವದ ಲಾರಿಗಳು ಬರುತ್ತವೆ. ಜೊತೆಗೆ ಒಣಮೀನಿನ ಕಾಲ ಅದು. ಬೇಸಿಗೆಯ ಬಿಸಿಲಿಗೆ ಕರಾವಳಿಯಲ್ಲಿ ಒಣಗಿಸಿಟ್ಟ ಬಂಗುಡೆ, ನಂಗ್, ಸಿಗಡಿ ಆರಿದ್ರಾ ಮಳೆಗೆ ಘಟ್ಟದ ಮೇಲೆ ಕೆಂಡದಲ್ಲಿ ಸುಟ್ಟು ಗಂಜಿಗೆ ನೆಂಚಿಕೊಳ್ಳಲು ಬರುತ್ತವೆ. ಹಿಂದಿನವರು ಮಳೆಗಾಲಕ್ಕೆ ಸೌದೆ ಕೂಡಿಟ್ಟ ಹಾಗೆ ಒಣಮೀನು ಕೂಡಿಡುತ್ತಿದ್ದರು. ಅವರ ಮನೆಯಲ್ಲಿ ನಿಷೇಧ ಎಂಬ ಶಬ್ದ ಇರಲಿಲ್ಲ, ಆದರೆ ಜೂನಿನಲ್ಲಿ ಹಸಿಮೀನು ಬೇಕು ಎಂಬ ಹಟವೂ ಇರಲಿಲ್ಲ.

ನಮ್ಮ ಹಿಜರಿ ತಿಂಗಳುಗಳು ವರ್ಷದಿಂದ ವರ್ಷಕ್ಕೆ ಹಿಂದೆ ಸರಿಯುತ್ತವೆ. 2015 ಮತ್ತು 2016ರಲ್ಲಿ ರಮಝಾನ್ ಪೂರ್ತಿ ಈ ನಿಷೇಧದ ದಿನಗಳಲ್ಲೇ ಬಂದಿತ್ತು. ಸಹರಿಗೆ ಒಣಮೀನಿನ ಚಟ್ನಿ, ಇಫ್ತಾರಿಗೆ ಗಂಜಿ ಎಂದು ಅನೇಕ ಮನೆಗಳಲ್ಲಿ ಆ ತಿಂಗಳು ಕಳೆಯಿತು. ಈಗ ರಮಝಾನ್ ಮಾರ್ಚ್, ಫೆಬ್ರವರಿಯತ್ತ ಸರಿದಿದೆ. ಕಡಲಿನ ಋತು ಮಾತ್ರ ಅಲ್ಲೇ ಇದೆ.

ಬೂತಾಯಿ ಕಾಣೆಯಾದ ವರ್ಷಗಳು

ಎರಡು ತಿಂಗಳ ಬಿಡುವು ಬೇಕೇ ಎಂದು ಕೇಳುವವರು ಬೂತಾಯಿಯ ಕತೆ ಕೇಳಬೇಕು. ಅದರ ಆಯುಸ್ಸೇ ಎರಡು, ಎರಡೂವರೆ ವರ್ಷ. ಬೇಗ ಬೆಳೆದು, ಬೇಗ ಮೊಟ್ಟೆ ಇಟ್ಟು, ಬೇಗ ಸಾಯುವ ಮೀನು. ಹಾಗಾಗಿ ಒಂದು ವರ್ಷ ಮರಿ ಏಳದಿದ್ದರೆ ಮರುವರ್ಷವೇ ಬಲೆ ಖಾಲಿ. ಕೊಚ್ಚಿಯ ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಅಂದಾಜಿನಂತೆ ಕೇರಳದಲ್ಲಿ 2012ರಲ್ಲಿ ಸುಮಾರು 3.9 ಲಕ್ಷ ಟನ್ ಬೂತಾಯಿ ಸಿಕ್ಕಿತ್ತು. 2021ರಲ್ಲಿ ಸಿಕ್ಕಿದ್ದು 3,297 ಟನ್. 2015ರ ಎಲ್ ನಿನೊದಿಂದ ಕಡಲು ಕಾದದ್ದು ಮುಖ್ಯ ಕಾರಣಗಳಲ್ಲೊಂದು ಎಂದು ಅದೇ ಸಂಸ್ಥೆ ಹೇಳಿತು. ಆ ವರ್ಷಗಳಲ್ಲಿ ಕೇರಳದ ಮಾರುಕಟ್ಟೆಗೆ ಒಮಾನ್ ಕಡಲಿನ ಬೂತಾಯಿ ಬಂತು. ರುಚಿ ನಮ್ಮದರಂತಿಲ್ಲ ಎಂದು ಜನ ಗೊಣಗಿದರು. ಆಮೇಲಿನ ವರ್ಷಗಳಲ್ಲಿ ಬೂತಾಯಿ ಚೇತರಿಸಿಕೊಂಡಿತು.

ಕಡಲು ಕಾಯುವುದನ್ನು ತಡೆಯಲು ಕಡೂರಿನವರಿಂದಾಗದು. ಆದರೆ ಮರಿಮೀನು ಕೊಳ್ಳದಿರಲು ಆಗುತ್ತದೆ. ಬೂತಾಯಿ 10 ಸೆಂ.ಮೀ., ಬಂಗುಡೆ 14 ಸೆಂ.ಮೀ. ಆಗುವ ಮೊದಲು ಹಿಡಿಯಬಾರದು ಎಂದು ಕೇರಳ ನಿಯಮ ಮಾಡಿದೆ. ಬೆರಳುದ್ದದ ಬಂಗುಡೆಯನ್ನು ಅಗ್ಗಕ್ಕೆ ಸಿಕ್ಕಿತೆಂದು ಕೊಂಡರೆ ಮುಂದಿನ ವರ್ಷದ ಬಂಗುಡೆಯನ್ನು ಈ ವರ್ಷವೇ ತಿಂದ ಹಾಗೆ. ಕರಾವಳಿಯಲ್ಲಿ ಮೀನಿನ ಹುಡಿ ಮತ್ತು ಎಣ್ಣೆ ತಯಾರಿಸುವ ಕಾರ್ಖಾನೆಗಳು ಟನ್‌ಗಟ್ಟಲೆ ಸಣ್ಣ ಮೀನು ನುಂಗುತ್ತವೆ. ಎಲ್‌ಇಡಿ ಬೆಳಕು ಹಾಕಿ, ಎರಡು ಬೋಟು ಸೇರಿ ಬಲೆ ಎಳೆದು ಹಿಡಿಯುವುದನ್ನು ಕೇಂದ್ರ ಸರಕಾರ 2017ರ ನವೆಂಬರಿನಲ್ಲೇ ನಿಷೇಧಿಸಿದೆ. ದೊಡ್ಡವರ ತಪ್ಪು ದೊಡ್ಡದೇ. ಆದರೆ ನಮ್ಮ ತಕ್ಕಡಿಯಲ್ಲಿ ಏನು ತೂಗುತ್ತೇವೆ ಎಂಬುದಕ್ಕೆ ನಾವೇ ಹೊಣೆ.

ತಕ್ಕಡಿಯ ಮಾತು

2018ರ ಜೂನಿನಲ್ಲಿ ಕೇರಳದ ಆಹಾರ ಸುರಕ್ಷಾ ಇಲಾಖೆ ಗಡಿ ಚೆಕ್‌ಪೋಸ್ಟುಗಳಲ್ಲಿ ಫಾರ್ಮಾಲಿನ್ ಬೆರೆತ ಮೀನು ಹಿಡಿಯಿತು. ಶವ ಕೆಡದಂತೆ ಇಡಲು ಬಳಸುವ ರಾಸಾಯನಿಕ ಅದು. ಸುದ್ದಿ ಟಿ.ವಿ.ಯಲ್ಲಿ ಬಂದದ್ದೇ ಘಟ್ಟದ ಮೇಲೂ ಗಿರಾಕಿಗಳು ಮೂಗು ಮುರಿದರು. ಪ್ರಾಮಾಣಿಕವಾಗಿ ಐಸಿಗೆ ದುಡ್ಡು ಸುರಿದವರ ಮೀನೂ ಉಳಿಯಿತು. ತಪ್ಪು ಮಾಡಿದವನು ಯಾವುದೋ ಗೋದಾಮಿನಲ್ಲಿ, ಬೈಗುಳ ತಿಂದವನು ರಸ್ತೆ ಬದಿಯಲ್ಲಿ. ಅದೇ ವರ್ಷ ಕೊಚ್ಚಿಯ ಕೇಂದ್ರ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ಫಾರ್ಮಾಲಿನ್, ಅಮೋನಿಯಾ ಪತ್ತೆ ಮಾಡುವ ಸಣ್ಣ ಕಾಗದದ ಪಟ್ಟಿಯ ಕಿಟ್ ಹೊರತಂದಿತು.

ಕಿಟ್ ಇಲ್ಲದಿದ್ದರೂ ಕಣ್ಣು, ಮೂಗು, ಬೆರಳು ಇವೆ. ಒಳ್ಳೆ ಮೀನಿನ ಕಣ್ಣು ಉಬ್ಬಿ ಹೊಳೆಯುತ್ತದೆ, ಕಿವಿರು ಕೆಂಪಗಿರುತ್ತದೆ, ಬೆರಳಲ್ಲಿ ಒತ್ತಿದರೆ ಮಾಂಸ ಮರಳಿ ಏಳುತ್ತದೆ, ಕಡಲಿನ ವಾಸನೆ ಇರುತ್ತದೆ. ಕಣ್ಣು ಒಳಗೆ ಕೂತಿದ್ದರೆ, ಕಿವಿರು ಕಂದಿದ್ದರೆ, ಮೂಗಿಗೆ ಚುಚ್ಚುವ ವಾಸನೆ ಇದ್ದರೆ ಬೇಡ. ಮೀನು ಮರದ ತುಂಡಿನ ಹಾಗೆ ಸೆಟೆದಿದ್ದು, ಯಾವ ವಾಸನೆಯೂ ಇಲ್ಲದೆ, ನೊಣವೂ ಕೂರದಿದ್ದರೆ ಅದೂ ಬೇಡ.

ವ್ಯಾಪಾರಿಗಳಿಗೆ ನಾವು ಹೊಸದಾಗಿ ಹೇಳಬೇಕಾದ್ದೇನಿಲ್ಲ. ಧಾನ್ಯದ ರಾಶಿಯೊಳಗೆ ಕೈ ಹಾಕಿ, ಅಡಿಯಲ್ಲಿ ಒದ್ದೆ ಇದ್ದದ್ದನ್ನು ಕಂಡು, ಅದನ್ನು ಮೇಲೆ ಯಾಕೆ ಇಡಲಿಲ್ಲ ಎಂದು ಪ್ರವಾದಿಯವರು ಕೇಳಿದ ಪ್ರಸಂಗ ಮದ್ರಸ ಕಲಿತ ಮಕ್ಕಳಿಗೂ ಗೊತ್ತು. ಮೀನಿನ ಪೆಟ್ಟಿಗೆಯಲ್ಲೂ ಮೇಲಿನ ಸಾಲು, ಅಡಿಯ ಸಾಲು ಎಂದಿದೆ. ಯಾವ ಬಂದರಿನದು, ಐಸಿನಲ್ಲಿ ಎಷ್ಟು ದಿನ, ಹಸಿಯೋ ಕೋಲ್ಡ್ ಸ್ಟೋರೇಜಿನದೋ – ಈ ಮೂರು ಮಾತನ್ನು ಗಿರಾಕಿ ಕೇಳುವ ಮೊದಲೇ ಹೇಳಿದರೆ ಮೊದಲ ವಾರ ವ್ಯಾಪಾರ ಸ್ವಲ್ಪ ಇಳಿಯಬಹುದು. ಆಮೇಲೆ ಜನ ಅದೇ ಪೆಟ್ಟಿಗೆ ಹುಡುಕಿಕೊಂಡು ಬರುತ್ತಾರೆ.

ಜೂನಿನ ಸಾಲ

ಇಷ್ಟೆಲ್ಲ ಹೇಳುವುದು ಸುಲಭ. ಜೂನಿನಲ್ಲಿ ಮೀನಿಲ್ಲ ಎಂದು ಸತ್ಯ ಹೇಳಿದವನ ಮನೆಯ ಒಲೆ ಹೊತ್ತುವುದು ಹೇಗೆ? ಅದೇ ತಿಂಗಳು ಮಕ್ಕಳ ಶಾಲೆ ಶುರು, ಫೀಸು, ಪುಸ್ತಕ, ಕೊಡೆ, ಮನೆಯ ಹಂಚು. ಕಡಲಿಗೆ ಹೋಗುವ ಮೀನುಗಾರನಿಗೆ ಒಂದು ಆಸರೆ ಇದೆ. ಉಳಿತಾಯ ಮತ್ತು ಪರಿಹಾರ ಯೋಜನೆಯಲ್ಲಿ ಅವನು ದುಡಿಮೆಯ ತಿಂಗಳುಗಳಲ್ಲಿ ಕೂಡಿಟ್ಟ ಹಣಕ್ಕೆ ಕೇಂದ್ರ, ರಾಜ್ಯ ಸರಕಾರಗಳು ತಮ್ಮ ಪಾಲು ಸೇರಿಸಿ ಬಿಡುವಿನ ತಿಂಗಳುಗಳಲ್ಲಿ ಕೊಡುತ್ತವೆ. ಘಟ್ಟದ ಮೇಲೆ ಮಾರುವವನು ಆ ಪಟ್ಟಿಯಲ್ಲಿಲ್ಲ. ಅವನು ಕಡಲಿನವನೂ ಅಲ್ಲ, ಹೊಲದವನೂ ಅಲ್ಲ. ಆ 61 ದಿನ ಹಲವರು ಗಾರೆ ಕೆಲಸಕ್ಕೆ, ಹಲಸು ಮಾವಿನ ವ್ಯಾಪಾರಕ್ಕೆ, ಗುಜರಿಗೆ ತಿರುಗುತ್ತಾರೆ. ಉಳಿದವರು ಸಾಲಕ್ಕೆ ತಿರುಗುತ್ತಾರೆ. ವಾರದ ಬಡ್ಡಿಯ ಸಾಲ ಅಂಗಳಕ್ಕೇ ಬರುತ್ತದೆ. ಜೂನಿನಲ್ಲಿ ತೆಗೆದದ್ದು ಅಕ್ಟೋಬರಿನ ಬಂಗುಡೆಯನ್ನೂ ನುಂಗುತ್ತದೆ. ಬಡ್ಡಿ ಹರಾಮ್ ಎಂದು ಗೊತ್ತಿದ್ದೇ ತೆಗೆಯುವಾಗ ಆಗುವ ಸಂಕಟ ತೆಗೆದವರಿಗೇ ಗೊತ್ತು. ಹಾಗೆ ಕೈ ಕಟ್ಟಿದಾಗಲೇ ಹಳೆ ಮೀನನ್ನು ಹೊಸದೆಂದು ಹೇಳುವ ಆಸೆ ಹುಟ್ಟುವುದು.

ಸರಕಾರದ ಕಡೆಯಿಂದ ಆಗುವುದು ಸ್ವಲ್ಪ ಇದೆ. 2014ರ ಬೀದಿ ವ್ಯಾಪಾರಿಗಳ ಕಾಯ್ದೆಯಂತೆ ಪುರಸಭೆ, ಪಟ್ಟಣ ಪಂಚಾಯತ್ ವ್ಯಾಪ್ತಿಯ ವ್ಯಾಪಾರಿಗಳು ಸಮೀಕ್ಷೆಯಲ್ಲಿ ಸೇರಿ ಗುರುತಿನ ಚೀಟಿ ಪಡೆಯಬಹುದು. ಚೀಟಿ ಇದ್ದರೆ ಎದ್ದು ಹೋಗೆಂದು ಗದರಿಸುವವರ ಮುಂದೆ ಹೇಳಲು ಒಂದು ಮಾತಿರುತ್ತದೆ. ಆಹಾರ ಸುರಕ್ಷಾ ಪ್ರಾಧಿಕಾರದಲ್ಲಿ ಸಣ್ಣ ವ್ಯಾಪಾರಿಗಳಿಗೆ ದೊಡ್ಡ ಪರವಾನಗಿ ಬೇಡ, ನೋಂದಣಿ ಸಾಕು. 2020ರಲ್ಲಿ ಶುರುವಾದ ಸ್ವನಿಧಿ ಯೋಜನೆಯಲ್ಲಿ ಅಡಮಾನವಿಲ್ಲದೆ ಬ್ಯಾಂಕ್ ಸಾಲ ಸಿಗುತ್ತದೆ. ಆದರೆ ಅದೂ ಬಡ್ಡಿಯದ್ದೇ, ಸಬ್ಸಿಡಿ ಬಂದರೂ. ಬೇಡವೆನ್ನುವವರಿಗೆ ಬೇರೆ ದಾರಿ ತೋರಿಸುವುದು ಜಮಾಅತ್‌ಗಳ ಕೆಲಸ.

ದಾರಿ ಬಹಳ ದೂರದಲ್ಲಿಲ್ಲ. ಮೀನುಗಾರನ ಯೋಜನೆಯನ್ನೇ ನಮ್ಮ ಮೊಹಲ್ಲಾದಲ್ಲಿ ಸಣ್ಣದಾಗಿ ಮಾಡಬಹುದು. ಸೆಪ್ಟೆಂಬರಿನಿಂದ ಜನವರಿಯ ತನಕ, ಪೆಟ್ಟಿಗೆ ತುಂಬಿರುವ ತಿಂಗಳುಗಳಲ್ಲಿ, ಪ್ರತೀ ಜುಮಾ ದಿನ ಒಬ್ಬೊಬ್ಬ ವ್ಯಾಪಾರಿ ತನ್ನ ಕೈಲಾದಷ್ಟು ಒಂದು ಪುಸ್ತಕಕ್ಕೆ ಕಟ್ಟುವುದು. ಊರಿನ ಉಳ್ಳವರು ಬಡ್ಡಿರಹಿತ ಸಾಲದ ನಿಧಿ, ಅಂದರೆ ಕರ್ಝೆ ಹಸನ್ ಎಂದು ಒಂದಷ್ಟು ಸೇರಿಸುವುದು. ಜೂನ್ 1ಕ್ಕೆ ಕಟ್ಟಿದವರಿಗೆ ಅವರ ಹಣ, ಬೇಕಾದವರಿಗೆ ಮೇಲೊಂದಿಷ್ಟು ಸಾಲ, ಆಗಸ್ಟಿನಿಂದ ಮರುಪಾವತಿ. ಲೆಕ್ಕ ಮಸೀದಿಯ ನೋಟಿಸ್ ಬೋರ್ಡಿನಲ್ಲಿ. ಐಸ್ ಪೆಟ್ಟಿಗೆಯೊಂದನ್ನು ನಾಲ್ಕು ಜನ ಸೇರಿ ಕೊಂಡರೆ ಏಪ್ರಿಲ್ ಬಿಸಿಲಿನ ನಷ್ಟವೂ ಅರ್ಧಕ್ಕೆ ಇಳಿಯುತ್ತದೆ. ಇಂಥ ನಿಧಿ ಬ್ಯಾರಿಗಳಿಗೆ ಮಾತ್ರ ಎಂದು ಬರೆದುಕೊಳ್ಳಬೇಕಾಗಿಲ್ಲ. ಪಕ್ಕದ ಪೆಟ್ಟಿಗೆಯವರು ಯಾವ ಜಾತಿಯವರಾದರೂ ಅವರ ಜೂನ್ ಕೂಡ ನಮ್ಮ ಜೂನಿನಂಥದ್ದೇ. ಹಿಡಿದವರು ಮೊಗವೀರರೋ ಖಾರ್ವಿಗಳೋ, ಏಲಂ ಕೂಗಿದವರು ಇನ್ನೊಬ್ಬರು, ತಂದವರು ಬ್ಯಾರಿಗಳು, ತಿಂದವರು ಗೌಡರು, ಕುರುಬರು, ದಲಿತರು, ಸಾಬರು. ಇಷ್ಟು ಕೈ ದಾಟಿ ಬರುವ ಕಸುಬು ಇದು.

ಗ್ರಾಹಕರಲ್ಲೂ ಒಂದು ಕೋರಿಕೆ. ಜೂನ್ ಮೊದಲ ಎರಡು ವಾರ ನಿಮ್ಮ ಮಾಮೂಲಿ ಪೆಟ್ಟಿಗೆಯವರು 'ಇಲ್ಲಮ್ಮಾ, ಈಗ ಹಸಿಮೀನು ಇಲ್ಲ, ಒಣಮೀನು ಐತೆ, ಬೇಕಾದ್ರೆ ಕೆರೆಯದ್ದು ತರಿಸ್ತೀನಿ' ಎಂದರೆ ಬೇರೆ ಪೆಟ್ಟಿಗೆಗೆ ಓಡಬೇಡಿ. ಒಂದು ಕಟ್ಟು ಒಣಮೀನು ಕೊಳ್ಳಿ. ಆಗಸ್ಟಿನಲ್ಲಿ ಮೊದಲ ಬೂತಾಯಿ ಬಂದಾಗ ಅವರೇ ಹಾರ್ನ್ ಹೊಡೆದು ಕರೆಯುತ್ತಾರೆ.

ಈ ಮೂರು ತಾಲೂಕಿನ ಯಾವುದಾದರೂ ಜಮಾಅತ್ ಇಂಥ ಉಳಿತಾಯದ ಪುಸ್ತಕವನ್ನು ಈಗಾಗಲೇ ನಡೆಸುತ್ತಿದ್ದರೆ, ಅದರ ಲೆಕ್ಕ ಮತ್ತು ಕ್ರಮವನ್ನು ಈ ಪುಟಕ್ಕೆ ಬರೆದು ತಿಳಿಸಿ. ಉಳಿದ ಊರುಗಳವರಿಗೆ ಮುಂದಿನ ಜೂನಿನೊಳಗೆ ಶುರುಮಾಡಲು ಅದು ದಾರಿಯಾಗುತ್ತದೆ.